ಮೌನ ಸಮ್ಮತಿಯಲ್ಲ

ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತನ್ನು ಮೊದಲು ಯಾರು ಆಡಿದರೋ, ನಾವಂತೂ ಅದನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಬಳಸಿಕೊಂಡು ಬಂದಿದ್ದೇವೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆ ತಗ್ಗಿಸಿ ಕೂತರೆ ಅದು ಒಪ್ಪಿಗೆ. ಸಂಘದ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿಗಳು ಲೆಕ್ಕಪತ್ರ ಓದುವಾಗ ಸದಸ್ಯರ ಗಮನವೆಲ್ಲ ಉಪ್ಪಿಟ್ಟಿನ ವಾಸನೆ ಬರುತ್ತಿರುವ ಕಡೆಗಿದ್ದರೆ ಅದೂ ಒಪ್ಪಿಗೆ. 'ಯಾರದೂ ಆಕ್ಷೇಪಣೆ ಇಲ್ಲವಷ್ಟೆ?' ಎಂದು ಅಧ್ಯಕ್ಷರು ಕೇಳಿ, ಉತ್ತರಕ್ಕೆ ಒಂದು ಉಸಿರಿನಷ್ಟೂ ಕಾಯದೆ ಮುಂದಿನ ವಿಷಯಕ್ಕೆ ಹೋಗಿಬಿಡುತ್ತಾರೆ. ಆದರೆ ಈ ಸೂತ್ರ ನಡೆಯದ ಜಾಗವೊಂದಿದೆ. ಅದು ನಾವ್ಯಾರೂ ನಿರೀಕ್ಷಿಸದ ಜಾಗ: ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವರ ಲೋಕ.

ಮುಕ್ತ ತಂತ್ರಾಂಶ ಎಂಬುದರ ಬಗ್ಗೆ ನೀವು ಕೇಳಿರಬಹುದು. ಒಬ್ಬರು ಒಂದು ಪ್ರೋಗ್ರಾಮ್ ಬರೆದು, ಅದರ ಒಳಗುಟ್ಟನ್ನೂ ಬಚ್ಚಿಡದೆ ಲೋಕದ ಮುಂದೆ ಇಡುತ್ತಾರೆ. ಫಿನ್ಲೆಂಡಿನವನೊಬ್ಬ ಅದರಲ್ಲಿನ ತಪ್ಪು ತಿದ್ದುತ್ತಾನೆ, ಬ್ರೆಜಿಲ್ಲಿನವಳೊಬ್ಬಳು ಹೊಸದೊಂದು ಸೌಲಭ್ಯ ಸೇರಿಸುತ್ತಾಳೆ, ನಮ್ಮ ಹುಬ್ಬಳ್ಳಿಯ ಹುಡುಗನೊಬ್ಬ ಅದಕ್ಕೆ ಕನ್ನಡ ಕಲಿಸುತ್ತಾನೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ನೂರಾರು ಜನರ ಕೈಕೆಲಸವಾಗಿರುತ್ತದೆ. ಧರ್ಮಕ್ಕೆ ಕೊಟ್ಟದ್ದಾದರೂ ಇದು ಷರತ್ತಿಲ್ಲದ ದಾನವಲ್ಲ. ಯಾರು ಹೇಗೆ ಬಳಸಬಹುದು ಎಂದು ಹೇಳುವ ಲೈಸೆನ್ಸ್ ಒಂದು ಅದರ ಜೊತೆಗೇ ಇರುತ್ತದೆ. ಕೆಲವು ಲೈಸೆನ್ಸ್‌ಗಳು 'ಏನು ಬೇಕಾದರೂ ಮಾಡಿಕೊಳ್ಳಿ, ನಮ್ಮ ಹೆಸರು ಉಳಿಸಿದರೆ ಸಾಕು' ಎನ್ನುತ್ತವೆ. ಜಿಪಿಎಲ್‌ನಂಥವು ಕೊಂಚ ಕಟ್ಟುನಿಟ್ಟು: 'ನೀವು ಇದನ್ನು ತಿದ್ದಿ ಬೆಳೆಸಿ ಇನ್ನೊಬ್ಬರಿಗೆ ಕೊಡುವುದಾದರೆ, ನೀವು ಸೇರಿಸಿದ್ದನ್ನೂ ಇದೇ ರೀತಿ ಬಿಚ್ಚಿಟ್ಟು ಕೊಡಬೇಕು' ಎನ್ನುತ್ತವೆ.

ಈ ಲೈಸೆನ್ಸನ್ನು ಬದಲಿಸಬೇಕಾಗಿ ಬಂದಾಗ ಇರುವುದು ತೊಡಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ 'ಸಾಹಿತ್ಯ ಕೃತಿ'. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಸಾಹಿತ್ಯ ಪರಿಷತ್ತಿನ ಸದಸ್ಯತ್ವಕ್ಕೆ ಅರ್ಜಿ ಹಾಕಲು ಪ್ರೋಗ್ರಾಮರುಗಳಿಗೂ ಅರ್ಹತೆ ಇದೆ ಎಂದಾಯಿತಲ್ಲ! ಆದರೆ ಇದರ ಪರಿಣಾಮ ನಗುವಂಥದ್ದಲ್ಲ. ಬರೆದವನಿಗೆ ಬರೆದಷ್ಟರ ಮೇಲೆ ಹಕ್ಕಿದೆ. ಆ ಹಕ್ಕನ್ನು ಅವನು ಬೇರೆಯವರಿಗೆ ಬರೆದುಕೊಡದಿದ್ದರೆ, ಷರತ್ತು ಬದಲಿಸಲು ಅವನ ಅನುಮತಿ ಬೇಕು. ನಾನೂರು ಜನ ಬರೆದಿದ್ದರೆ ನಾನೂರು ಜನರ ಅನುಮತಿ.

ಹಳ್ಳಿಯಲ್ಲಿ ಪಿತ್ರಾರ್ಜಿತ ಜಮೀನಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಇನ್ನೂ ಮುತ್ತಜ್ಜನ ಹೆಸರೇ ಇರುತ್ತದೆ. ಮಾರಲು ಹೊರಟರೆ ಮುಂಬಯಿಯ ಹೋಟೆಲಿನಲ್ಲಿರುವ ಚಿಕ್ಕಪ್ಪನ ಸಹಿ ಬೇಕು, ಮದುವೆಯಾಗಿ ಸೊಲ್ಲಾಪುರಕ್ಕೆ ಹೋದ ಸೋದರತ್ತೆಯ ಸಹಿ ಬೇಕು, ಮೂವತ್ತು ವರ್ಷದ ಹಿಂದೆ ಜಗಳವಾಡಿ ಮನೆ ಬಿಟ್ಟವನ ಸಹಿಯೂ ಬೇಕು. ಎಲ್ಲರೂ ಒಪ್ಪಿ ಒಬ್ಬ ಒಪ್ಪದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚು ಸವೆಸುವುದೇ ಕೆಲಸ. ತಂತ್ರಾಂಶದ ಲೋಕದಲ್ಲಿ ಈ ದಾಯಾದಿಗಳು ಒಬ್ಬರ ಮುಖ ಒಬ್ಬರು ನೋಡಿದವರೂ ಅಲ್ಲ. ಎಷ್ಟೋ ಜನರ ಗುರುತೆಂದರೆ ಹಳೆಯದೊಂದು ಇಮೇಲ್ ವಿಳಾಸ, ಅಷ್ಟೆ.

ಓಪನ್‌ಎಸ್‌ಎಸ್‌ಎಲ್ ಎಂಬುದೊಂದಿದೆ. ಜಾಲತಾಣಗಳೊಡನೆ ನಾವು ನಡೆಸುವ ವ್ಯವಹಾರ ಬೇರೆಯವರ ಕಣ್ಣಿಗೆ ಬೀಳದಂತೆ ಬೀಗ ಹಾಕುವ ತಂತ್ರಾಂಶ. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಬರೆದಿದ್ದ ಹಳೆಯ ಪ್ರೋಗ್ರಾಮೊಂದರ ಮೇಲೆ 1998ರಲ್ಲಿ ಕಟ್ಟಲು ತೊಡಗಿದ್ದು. ಅದರ ಲೈಸೆನ್ಸಿನಲ್ಲಿ ಜಾಹೀರಾತಿನಲ್ಲೂ ತಮ್ಮ ಹೆಸರು ಸ್ಮರಿಸಬೇಕೆಂಬ ವಿಚಿತ್ರ ಷರತ್ತಿತ್ತು. ಹೀಗಾಗಿ ಜಿಪಿಎಲ್ ತಂತ್ರಾಂಶಗಳೊಡನೆ ಅದು ಹೊಂದುತ್ತಿರಲಿಲ್ಲ. 2014ರಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಬಯಲಾಗಿ ಲೋಕವೆಲ್ಲ ಗಾಬರಿಯಾದ ಮೇಲೆ, ಇಷ್ಟು ಮುಖ್ಯವಾದ ಕೆಲಸವನ್ನು ಬೆರಳೆಣಿಕೆಯ ಜನ ಹೆಚ್ಚು ಹಣವಿಲ್ಲದೆ ನಡೆಸುತ್ತಿದ್ದಾರೆಂಬುದು ಎಲ್ಲರಿಗೂ ಗೊತ್ತಾಯಿತು. ಮನೆ ರಿಪೇರಿ ಶುರುವಾಯಿತು. ಲೈಸೆನ್ಸನ್ನೂ ಬದಲಿಸಿ ಅಪಾಚೆ ಲೈಸೆನ್ಸ್ ತರೋಣವೆಂದು 2017ರ ಮಾರ್ಚ್‌ನಲ್ಲಿ ಸುಮಾರು 400 ಜನ ಕೊಡುಗೆದಾರರಿಗೆ ಪತ್ರ ಹೋಯಿತು. ಅದರಲ್ಲೊಂದು ಮಾತಿತ್ತು: ನಿಮ್ಮಿಂದ ಉತ್ತರ ಬಾರದಿದ್ದರೆ ನಿಮ್ಮ ಆಕ್ಷೇಪಣೆ ಇಲ್ಲವೆಂದು ಭಾವಿಸುತ್ತೇವೆ.

ನಮ್ಮ ಸಂಘದ ಅಧ್ಯಕ್ಷರ ಮಾತೇ ಸಮುದ್ರ ದಾಟಿ ಹೋದಂತಿತ್ತು. ಆದರೆ ಅಲ್ಲಿ ಅದು ನಡೆಯಲಿಲ್ಲ. ಓಪನ್‌ಬಿಎಸ್‌ಡಿಯ ಥಿಯೋ ಡಿ ರಾಟ್ ಮೊದಲಾದವರು ಬಹಿರಂಗವಾಗಿಯೇ ಆಕ್ಷೇಪಿಸಿದರು. ಬರೆದವನು ಸುಮ್ಮನಿದ್ದ ಮಾತ್ರಕ್ಕೆ ಅವನ ಹಕ್ಕು ನಿಮ್ಮ ಜೇಬಿಗೆ ಬರುವುದಿಲ್ಲ ಎಂಬುದು ಅವರ ವಾದದ ಸಾರ. ಕೊನೆಗೆ ಪತ್ತೆಯೇ ಸಿಗದ ಕೆಲವರು ಬರೆದ ಭಾಗಗಳನ್ನು ಯೋಜನೆಯವರು ಕಿತ್ತುಹಾಕಿದರು. ಹೊಸ ಲೈಸೆನ್ಸಿನ ಓಪನ್‌ಎಸ್‌ಎಸ್‌ಎಲ್ 3.0 ಹೊರಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಪತ್ರ ಹೋಗಿ ನಾಲ್ಕು ವರ್ಷ ದಾಟಿತ್ತು.

ಸಿನಿಮಾ ನೋಡಲು ನೀವು ಬಳಸಿರಬಹುದಾದ ವಿಎಲ್‌ಸಿಯ ಕಥೆ ಇನ್ನೊಂದು. ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿದ್ದು ಅದು. 2001ರಲ್ಲಿ ಜಿಪಿಎಲ್ ಅಡಿಯಲ್ಲಿ ಲೋಕಕ್ಕೆ ಬಂತು. ಬೇರೆ ತಂತ್ರಾಂಶಗಳವರೂ ಅದರ ಯಂತ್ರಭಾಗವನ್ನು ಸಲೀಸಾಗಿ ಬಳಸುವಂತಾಗಲೆಂದು ಸಡಿಲ ಷರತ್ತಿನ ಎಲ್‌ಜಿಪಿಎಲ್‌ಗೆ ಬದಲಿಸಲು ಹೊರಟಾಗ, ಅದರ ಮುಂದಾಳು ಜಾನ್ ಬಾಟಿಸ್ಟ್ ಕೆಂಪ್ ಮೌನವನ್ನು ನಂಬಿ ಕೂರಲಿಲ್ಲ. ಯಾವ ಸಾಲು ಯಾರದೆಂದು ಹುಡುಕಿ, ಇನ್ನೂರಕ್ಕೂ ಹೆಚ್ಚು ಜನರನ್ನು ಒಬ್ಬೊಬ್ಬರಾಗಿ ಸಂಪರ್ಕಿಸಿ ಕೇಳಿದರು. 2011ರ ಕೊನೆಗೆ ಮುಖ್ಯ ಭಾಗ, 2012ರ ಕೊನೆಗೆ ಉಳಿದ ಬಹುಪಾಲು ಭಾಗ ಹೊಸ ಲೈಸೆನ್ಸಿಗೆ ಬಂದವು. ನಮ್ಮ ಊರುಗಳಲ್ಲಿ ಮನೆ ಮನೆಗೆ ಹೋಗಿ ಮದುವೆಗೆ ಕರೆಯುತ್ತಾರಲ್ಲ, ಆ ಬಗೆಯ ಶ್ರಮ ಅದು.

ಮುಂದಾಲೋಚನೆ ಇದ್ದವರಿಗೆ ಸುಲಭದ ದಾರಿಯೂ ಸಿಕ್ಕಿದೆ. ವಿಕಿಪೀಡಿಯದ ಬರಹಗಳು ಮೊದಲಿದ್ದ ಲೈಸೆನ್ಸಿನಲ್ಲಿ 'ಇದು ಅಥವಾ ಇದರ ಮುಂದಿನ ಆವೃತ್ತಿ' ಎಂಬ ಮಾತಿತ್ತು. 2008ರ ನವೆಂಬರಿನಲ್ಲಿ ಆ ಲೈಸೆನ್ಸಿನ ಹೊಸ ಆವೃತ್ತಿ ಬಂದು ಬದಲಾವಣೆಗೆ ಬಾಗಿಲು ತೆರೆಯಿತು. 2009ರಲ್ಲಿ ಮತ ಕೇಳಿದಾಗ 17 ಸಾವಿರಕ್ಕೂ ಹೆಚ್ಚು ಜನ ಮತ ಹಾಕಿದರು, ಸುಮಾರು ಮುಕ್ಕಾಲು ಪಾಲು ಜನ ಪರವಾಗಿದ್ದರು. ಆ ಜೂನ್ ತಿಂಗಳಲ್ಲಿ ನಮ್ಮ ಕನ್ನಡ ವಿಕಿಪೀಡಿಯವೂ ಸೇರಿ ಎಲ್ಲವೂ ಹೊಸ ಷರತ್ತಿಗೆ ಬಂದವು. ಲಿನಕ್ಸ್ ಕರ್ನೆಲ್ ಮಾತ್ರ 'ಜಿಪಿಎಲ್ ಎರಡನೇ ಆವೃತ್ತಿ ಮಾತ್ರ' ಎಂದು ಬರೆದುಕೊಂಡಿದೆ. 2007ರಲ್ಲಿ ಮೂರನೆಯದು ಬಂದರೂ ಅದು ಕದಲಲಿಲ್ಲ. ಅದರ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಅವರಿಗೆ ಮನಸ್ಸಿರಲಿಲ್ಲ. ಇದ್ದಿದ್ದರೂ ಸಾವಿರಾರು ಜನರ ಅನುಮತಿ ತರುವವರಾರು?

ಇಷ್ಟೆಲ್ಲ ನಾನು ತಿಳಿದುಕೊಂಡದ್ದು ಕುತೂಹಲದಿಂದಲ್ಲ, ನನಗೂ ಒಂದು ಪತ್ರ ಬಂದದ್ದರಿಂದ. ಸುಮಾರು 2006ರಲ್ಲಿ ನಾನೂ ನನ್ನ ಹಿರಿಯ ಸ್ನೇಹಿತರೊಬ್ಬರೂ ಸೇರಿ ಮಕ್ಕಳಿಗೆ ಉಪಯೋಗವಾಗುವ ಒಂದು ಮುಕ್ತ ತಂತ್ರಾಂಶಕ್ಕೆ ಕನ್ನಡದ ಸಹಾಯ ಪುಟಗಳನ್ನು ಬರೆದಿದ್ದೆವು. ಅವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. 'ರದ್ದುಗೊಳಿಸು' ಎಂದು ನಾನು ಬರೆದರೆ 'ಇದೇನು ತಾಲ್ಲೂಕು ಕಚೇರಿಯೇನ್ರೀ, ಬೇಡ ಅಂತ ಬರೀರಿ, ಮಗುವಿಗೆ ಗೊತ್ತಾಗುತ್ತೆ' ಎನ್ನುತ್ತಿದ್ದರು. ಅವರು ಬರೆದ 23 ಪುಟಗಳು ಎದುರಿಗೆ ಕೂತು ಹೇಳಿಕೊಟ್ಟಂತಿದ್ದವು. 2016ರಲ್ಲಿ ತೀರಿಕೊಂಡರು. ಎರಡು ವರ್ಷಗಳ ನಂತರ ಯೋಜನೆಯವರ ಪತ್ರ ಬಂತು. ಮೊಬೈಲ್ ತಯಾರಿಸುವವರೂ ಬಳಸುವಂತೆ ಜಿಪಿಎಲ್ ಬಿಟ್ಟು ಅಪಾಚೆಗೆ ಹೋಗುತ್ತಿದ್ದೇವೆ, ನಿಮ್ಮ ಒಪ್ಪಿಗೆ ಇದೆಯೆ? ನಿಮ್ಮ ಜೊತೆ ಬರೆದವರ ವಿಳಾಸಕ್ಕೆ ಕಳಿಸಿದ ಪತ್ರ ವಾಪಸು ಬಂದಿದೆ, ಅವರೆಲ್ಲಿದ್ದಾರೆ? ನನ್ನ ಒಪ್ಪಿಗೆಯನ್ನು ಅಂದೇ ಬರೆದೆ. ಎರಡನೆಯ ಪ್ರಶ್ನೆಗೆ ಮಾತ್ರ ಒಂದು ಸಾಲಿನ ಉತ್ತರವಿರಲಿಲ್ಲ.

ಬರೆದವನು ಸತ್ತರೂ ಹಕ್ಕು ಸಾಯುವುದಿಲ್ಲ. ನಮ್ಮಲ್ಲಿ ಅದು ಇನ್ನೂ 60 ವರ್ಷ ಬದುಕಿರುತ್ತದೆ. ಮೇಷ್ಟ್ರು ಉಯಿಲು ಬರೆದಿರಲಿಲ್ಲ. ಹಾಗಾಗಿ ಹೆಂಡತಿ, ಒಬ್ಬಳೇ ಮಗಳು, ತಾಯಿ, ಈ ಮೂವರೂ ಸಮಾನ ವಾರಸುದಾರರು. ತಿಪಟೂರಿನ ಕಡೆಯ ಅವರ ಊರಿಗೆ ಹೋದೆ. ವಿಷಯ ಹೇಳಿದಾಗ ಅವರ ತಾಯಿ ಕೇಳಿದ ಮೊದಲ ಪ್ರಶ್ನೆ, 'ದುಡ್ಡಿನ ವ್ಯವಹಾರವೇನಪ್ಪಾ?'

'ಅಲ್ಲಮ್ಮ, ಒಂದು ಪೈಸೆಯೂ ಇಲ್ಲ. ಅವರು ಬರೆದದ್ದನ್ನು ಬೇರೆ ಷರತ್ತಿನ ಮೇಲೆ ಕೊಡಬಹುದೇ ಅಂತ ಕೇಳ್ತಿದಾರೆ.'

'ನಾವು ಬ್ಯಾಡ ಅಂದ್ರೆ?'

'ಅವರ ಪುಟಗಳನ್ನ ತೆಗೆದುಬಿಡ್ತಾರೆ.'

ಮುದುಕಿ ಸೊಸೆಯ ಮುಖ ನೋಡಿದರು. ಅತ್ತಿಗೆ ನನ್ನನ್ನೇ ಕೇಳಿದರು, 'ಅವರಿದ್ದಿದ್ದರೆ ಏನು ಹೇಳ್ತಿದ್ದರು? ಜೊತೆಗಿದ್ದವರು ನೀವು, ನೀವೇ ಹೇಳಿ.'

'ಒಪ್ಪುತ್ತಿದ್ದರು ಅಂತ ನನಗನ್ನಿಸುತ್ತೆ ಅತ್ತಿಗೆ. ಆದರೆ ಅದು ನನ್ನ ಅನಿಸಿಕೆ, ಅವರ ಮಾತಲ್ಲ' ಎಂದೆ. ಅತ್ತೆ ಸೊಸೆ ಇಬ್ಬರೂ ಒಪ್ಪುವ ಹಾಗೆ ಕಂಡಿತು. ಅಷ್ಟು ಹೊತ್ತೂ ಲೈಸೆನ್ಸಿನ ಪ್ರತಿಯನ್ನು ಓದುತ್ತ ಕೂತಿದ್ದ ಮಗಳು ಬಾಯಿ ತೆರೆದಳು. ಆಗ ಅವಳು ಎಂಜಿನಿಯರಿಂಗ್ ಓದುತ್ತಿದ್ದಳು. 'ಅಪ್ಪ ಒಂದು ಮಾತಿನ ಮೇಲೆ ಕೊಟ್ಟಿದ್ದು ಅಲ್ವಾ ಅಂಕಲ್? ತಗೊಂಡು ಬೆಳೆಸಿದವರು ಅದನ್ನೂ ಎಲ್ಲರಿಗೂ ಕೊಡಬೇಕು ಅಂತ. ಆ ಮಾತು ತೆಗೆಯೋದಾದರೆ ಅಪ್ಪನೇ ತೆಗೆಯಬೇಕಿತ್ತು. ನಾನು ತೆಗೆಯಲ್ಲ.'

ಅವಳ ಅಜ್ಜಿಗೆ ಲೈಸೆನ್ಸಿನ ಮಾತು ಎಷ್ಟು ಅರ್ಥವಾಯಿತೋ, ಕೊಟ್ಟ ಮಾತು ಎಂಬುದು ಅರ್ಥವಾಯಿತು. 'ಅವಳಂದಂಗೇ ಆಗ್ಲಿ ಬಿಡು' ಎಂದರು. ಮೂವರಲ್ಲಿ ಒಬ್ಬರು ಬೇಡವೆಂದರೂ ಮುಗಿಯಿತು. ನಾನು ಬರೆದು ತಿಳಿಸಿದೆ. ಯೋಜನೆಯವರು ಎರಡೇ ಸಾಲಿನಲ್ಲಿ, ಆದರೆ ಗೌರವದಿಂದ, ಕೇಳಿ ಹೇಳಿದ್ದಕ್ಕೆ ವಂದನೆ ತಿಳಿಸಿ 23 ಪುಟಗಳನ್ನೂ ತೆಗೆದರು. ಅವನ್ನು ಹೊಸದಾಗಿ ಬರೆಯುವಿರಾ ಎಂದು ನನ್ನನ್ನು ಕೇಳಿದ್ದರು. ಬರೆಯಲು ಕೂತರೆ ಮೇಷ್ಟ್ರ ವಾಕ್ಯಗಳೇ ಬರುತ್ತಿದ್ದವು. ಅದು ಬೇಡವೆಂದದ್ದನ್ನು ಹಿಂಬಾಗಿಲಿನಿಂದ ತಂದಂತಾಗುತ್ತಿತ್ತು. ಬೇರೆ ಯಾರೋ ಹುಡುಗರು ಬರೆದರು. ಪುಟಗಳು ಚೆನ್ನಾಗಿಯೇ ಇವೆ, ತಾಲ್ಲೂಕು ಕಚೇರಿಯ ವಾಸನೆ ಮಾತ್ರ ಅಲ್ಲಲ್ಲಿ ಇದೆ. ಹಳೆಯ ಆವೃತ್ತಿಗಳಲ್ಲಿ ಮೇಷ್ಟ್ರು ಹಾಗೇ ಇದ್ದಾರೆ. ಒಮ್ಮೆ ಕೊಟ್ಟ ಆ ಲೈಸೆನ್ಸನ್ನು ಯಾರೂ ಹಿಂದಕ್ಕೆ ಪಡೆಯಲಾರರು.

ಇಷ್ಟೆಲ್ಲ ರಗಳೆ ಏಕೆ, ಮೊದಲೇ ಎಲ್ಲರಿಂದ ಸಹಿ ಹಾಕಿಸಿಕೊಂಡರಾಯಿತಲ್ಲ ಎನ್ನಬಹುದು. ಹಾಗೆ ಮಾಡುವ ಕಂಪನಿಗಳೂ ಇವೆ. ಹ್ಯಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ತಂತ್ರಾಂಶಕ್ಕೆ ಹೊರಗಿನಿಂದ ಬರೆದುಕೊಟ್ಟವರೊಡನೆ ಇಂಥ ಒಪ್ಪಂದ ಮಾಡಿಕೊಂಡಿತ್ತು. 2023ರ ಆಗಸ್ಟ್‌ನಲ್ಲಿ ಮುಂದಿನ ಆವೃತ್ತಿಗಳ ಲೈಸೆನ್ಸನ್ನು ಬದಲಿಸಿ, ತನಗೆ ಪೈಪೋಟಿ ಕೊಡುವವರು ಬಳಸದಂತೆ ನಿರ್ಬಂಧ ಹಾಕಿತು. ಯಾರನ್ನೂ ಕೇಳುವ ಅಗತ್ಯವಿರಲಿಲ್ಲ, ಕೇಳಲೂ ಇಲ್ಲ. ಬೇಸರಗೊಂಡವರು ಹಳೆಯ ಆವೃತ್ತಿಯನ್ನೇ ಎತ್ತಿಕೊಂಡು ಬೇರೆ ಮನೆ ಕಟ್ಟಿದರು, ಅದೇ ಓಪನ್‌ಟೋಫು. ಕಾನೂನಿನ ಪ್ರಕಾರ ಎಲ್ಲವೂ ಸರಿ. ಆದರೂ ಬರೆದುಕೊಟ್ಟ ಎಷ್ಟೋ ಜನರಿಗೆ ತಮ್ಮ ತೋಟಕ್ಕೆ ತಮ್ಮನ್ನೇ ಬಿಡದೆ ಬೇಲಿ ಹಾಕಿದಂತೆ ಅನಿಸಿತು.

ಹಾಗೆಂದು ಎಲ್ಲವೂ ಒಬ್ಬೊಬ್ಬರ 'ಬೇಡ'ಕ್ಕೆ ಸಿಕ್ಕಿಕೊಂಡರೆ ಯಾವ ಕೆಲಸವೂ ಮುಂದೆ ಹೋಗದು, ಅದೂ ನಿಜ. ನಾಲ್ಕು ವರ್ಷ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಮೇಷ್ಟ್ರ ಪುಟಗಳು ಹೋದದ್ದು ಕನ್ನಡದ ಮಕ್ಕಳಿಗೆ ಒಂದು ನಷ್ಟವೇ. ಆದರೆ ಬೇಡವೆನ್ನುವ ಅವಕಾಶ ಇದ್ದದ್ದರಿಂದಲೇ ನನ್ನ ಒಪ್ಪಿಗೆಗೂ ಬೆಲೆ ಬಂತು ಎಂದು ನನಗನ್ನಿಸುತ್ತದೆ. ಹಣವಿಲ್ಲದೆ ದುಡಿದವನಿಗೆ ನಾವು ಕೊಡಬಹುದಾದ ಮರ್ಯಾದೆ ಬೇರೇನಿದೆ? ಅವನನ್ನು ಹುಡುಕಿಕೊಂಡು ಹೋಗಿ ಕೇಳಬೇಕು. ಅವನಿಲ್ಲದಿದ್ದರೆ ಅವನ ಮನೆಯವರನ್ನು ಕೇಳಬೇಕು. ಅವರು ಹೇಳುವ ತನಕ ಕಾಯಬೇಕು. ಸಂಘದ ಸಭೆಗಳಲ್ಲಿ ಈಚೆಗೆ ನಾನು ಲೆಕ್ಕಪತ್ರ ಓದುವಾಗ ಉಪ್ಪಿಟ್ಟಿನ ಕಡೆ ನೋಡುವುದನ್ನು ಬಿಟ್ಟಿದ್ದೇನೆ.