ಕೆಂಪೆದೆಯ ಅತಿಥಿ

ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ, ಡಾರ್ಟ್ ನದಿಯ ದಂಡೆಯ ಮೇಲೆ ಟಾಟ್ನೆಸ್ ಎಂಬ ಪುಟ್ಟ ಊರಿದೆ. ನನ್ನ ಅಣ್ಣನ ಮನೆ ಅಲ್ಲಿಯೇ. ತಂದೆಯವರು ತೀರಿಕೊಂಡ ಬಳಿಕ ಅಮ್ಮನನ್ನು ಆತ ತನ್ನೊಡನೆ ಕರೆದೊಯ್ದಿದ್ದ. ಎರಡು ವರ್ಷಗಳ ಹಿಂದೆ ಡಿಸೆಂಬರ್ ರಜೆಯಲ್ಲಿ ನಾನೂ ಹೋದೆ. ಮೈಸೂರಿನ ಮನೆಯನ್ನು ಮಾರಲು ಆಕೆಯನ್ನು ಒಪ್ಪಿಸುವ ಹೊಣೆ ನನ್ನದಾಗಿತ್ತು.

ಅಲ್ಲಿ ಡಿಸೆಂಬರಿನಲ್ಲಿ ಸೂರ್ಯೋದಯ ಎಂಟು ಗಂಟೆಯ ಮೇಲೆ. ನಾಲ್ಕು ದಾಟುತ್ತಲೇ ಸಂಜೆ. ಅಣ್ಣ ಅತ್ತಿಗೆಯರು ಕೆಲಸಕ್ಕೆ ಹೊರಟರೆ, ಕನ್ನಡವಲ್ಲದೆ ಬೇರೆ ನುಡಿಯರಿಯದ ಅಮ್ಮನಿಗೆ ಹಿತ್ತಿಲ ರಾಬಿನ್ ಹಕ್ಕಿಯೊಂದೇ ಜೊತೆ. ನಮ್ಮ ಮಡಿವಾಳ ಹಕ್ಕಿಗಿಂತ ಚಿಕ್ಕದು. ತೂಕ ಹದಿನೆಂಟು ಗ್ರಾಮಿನ ಆಸುಪಾಸು. ಕಂದು ಮೈ, ಮುಖದಿಂದ ಎದೆಯವರೆಗೆ ಕಾವಿಗೆಂಪು. ಅಣ್ಣ ಸಲಿಕೆ ಹಿಡಿದೊಡನೆ ಕಾಲ ಬಳಿಗೇ ಬಂದು ನಿಲ್ಲುತ್ತಿತ್ತು. ಇದು ಭಕ್ತಿಯಲ್ಲ. ಕಾಡಿನಲ್ಲಿ ಹಂದಿಗಳು ನೆಲ ಕೆದಕುವಾಗ ಹೊರಬರುವ ಹುಳುಗಳಿಗಾಗಿ ಈ ಹಕ್ಕಿ ಅವುಗಳ ಹಿಂದೆಯೇ ಸುಳಿಯುತ್ತದೆ. ತೋಟದಲ್ಲಿ ಆ ಹಂದಿಯ ಸ್ಥಾನ ಮನುಷ್ಯನದು!

ಅಮ್ಮ ಉಪ್ಪಿಲ್ಲದ ಅನ್ನವನ್ನೂ ನೆನೆಸಿದ ದ್ರಾಕ್ಷಿಯನ್ನೂ ಇಡುತ್ತಿದ್ದಳು. ಅತಿಥಿ ಅಷ್ಟಿಷ್ಟು ಕುಕ್ಕಿ ಸುಮ್ಮನಾಗುತ್ತಿತ್ತು. ಅದರ ಪರಮಾನ್ನವೆಂದರೆ ಹಿಟ್ಟಿನ ಹುಳು. ನೆರೆಮನೆಯ ವೃದ್ಧೆ ಅದರ ಡಬ್ಬಿಯೊಂದನ್ನು ತಂದುಕೊಟ್ಟಾಗ, ಮಡಿಯ ನಮ್ಮ ಅಮ್ಮ ಅದನ್ನು ಮನೆಯೊಳಗೇ ಬಿಟ್ಟುಕೊಳ್ಳಲಿಲ್ಲ. ಆ ವಾರ ಕಡುಚಳಿ ಕವಿದು ನೆಲ ಕಲ್ಲಿನಂತಾಯಿತು. ಮೂರನೆಯ ಬೆಳಗ್ಗೆ ಹಕ್ಕಿ ಗರಿಗಳನ್ನು ಉಬ್ಬಿಸಿಕೊಂಡು ಚೆಂಡಿನಂತಾಗಿ ಕಿಟಕಿಯ ಬಳಿ ಕುಳಿತಿತ್ತು. ಅಮ್ಮ ಮಾತಾಡದೆ ಹಳೆಯ ಚಮಚವೊಂದನ್ನು ಹುಡುಕಿದಳು. ಡಬ್ಬಿಯನ್ನು ತೆರೆದು, ಮುಖ ತಿರುಗಿಸಿಕೊಂಡೇ ನಾಲ್ಕು ಹುಳುಗಳನ್ನಿಟ್ಟಳು. ಅನಂತರ ಬಿಸಿನೀರಿನಲ್ಲಿ ಎಷ್ಟು ಹೊತ್ತು ಕೈ ತೊಳೆದಳೆಂಬುದನ್ನು ನಾನು ಬರೆಯಲಾರೆ. ವಾರ ಕಳೆಯುವುದರೊಳಗೆ ಹಕ್ಕಿ ಅವಳ ಅಂಗೈ ಮೇಲೆಯೇ ಇಳಿಯತೊಡಗಿತು.

"ನನಗಾಗಿಯೇ ಹಾಡುತ್ತದೆ" ಎಂದು ಅಮ್ಮ ಹಿಗ್ಗಿದಳು. ನಾನೋ ಮೇಷ್ಟ್ರು; ತಿದ್ದದೆ ಇರಲಾದೀತೆ? ಪಕ್ಕದ ಡಾರ್ಟಿಂಗ್ಟನ್ನಿನ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಡೇವಿಡ್ ಲ್ಯಾಕ್ ಎಂಬವರು ಈ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ ಅವುಗಳ ಬದುಕನ್ನು ಅಭ್ಯಸಿಸಿ, 1943ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. (ಪಾಠ ಹೇಳುವವರಿಗೂ ಅಂಥ ಬಿಡುವು ದೊರೆಯುತ್ತಿದ್ದ ಕಾಲವದು!) ಈ ಹಾಡು ಪ್ರೀತಿಯದಲ್ಲ, 'ಇದು ನನ್ನ ನೆಲ, ಆಚೆ ಹೋಗು' ಎಂಬ ಗದರಿಕೆ, ಕೆಂಪು ಗರಿಗಳ ಕಂತೆಯೊಂದನ್ನು ಕಟ್ಟಿಟ್ಟರೂ ರಾಬಿನ್ ಅದರ ಮೇಲೆರಗುತ್ತದೆ. ಮಾಗಿಯಲ್ಲಿ ಗಂಡಿನಂತೆಯೇ ಹೆಣ್ಣೂ ಒಂಟಿಯಾಗಿ ತನ್ನ ಎಲ್ಲೆಯನ್ನು ಕಾಯುತ್ತದೆ, ಹಾಡುತ್ತದೆ. ಇಬ್ಬರದೂ ಒಂದೇ ವೇಷವಾದ್ದರಿಂದ ನಮ್ಮದು ಯಾವುದೆಂದು ಹೇಳುವಂತಿಲ್ಲ. ಇಷ್ಟನ್ನೂ ವಿವರಿಸಿದೆ.

ಅಮ್ಮ ಬಹಳ ಹೊತ್ತು ಹಿತ್ತಿಲನ್ನೇ ನೋಡುತ್ತಿದ್ದಳು.

"ಹೆಣ್ಣೂ ಒಂಟಿಯಾಗಿಯೇ ಕಾಯುತ್ತದೆಯೇ?"

"ಹೌದು."

"ಹಾಗಾದರೆ ಮನೆ ಮಾರುವ ಮಾತು ಬೇಡ. ನಿನ್ನ ಜೊತೆಗೇ ನನಗೂ ಟಿಕೀಟು ತೆಗೆಸು."

ಅಣ್ಣ ನನ್ನೊಡನೆ ಎರಡು ದಿನ ಮಾತು ಬಿಟ್ಟ. ಹೊರಡುವ ಮುನ್ನ ಅಮ್ಮ ಡಬ್ಬಿಯನ್ನೂ ಚಮಚವನ್ನೂ ಅತ್ತಿಗೆಗೆ ಒಪ್ಪಿಸಿ, ಚಮಚವನ್ನು ಬೇರೆ ಪಾತ್ರೆಗಳೊಡನೆ ತೊಳೆಯಬಾರದೆಂದು ಮೂರು ಸಲ ಹೇಳಿದಳು.