ಫೋಲ್ಡರಿನೊಳಗೊಂದು ಲಿನಕ್ಸ್

ಲಿನಕ್ಸ್ ಕಲಿಯಹೊರಟವರು ಮೊದಲು ಕೇಳುವುದು ಪಾರ್ಟಿಷನ್ ಹೇಗೆ ಮಾಡುವುದು, ಎಷ್ಟು ಜಿಬಿಯ ಪೆನ್‌ಡ್ರೈವ್ ಬೇಕು ಎಂದು. ನಾನು ಹೇಳುವುದೇ ಬೇರೆ. ಯಾವುದೋ ಒಂದು ಲಿನಕ್ಸ್ ಓಡುತ್ತಿದೆ ತಾನೆ? ಅದರಲ್ಲೇ ಒಂದು ಖಾಲಿ ಫೋಲ್ಡರ್ ಮಾಡಿ, ಒಳಗೆ ಇನ್ನೊಂದು ಲಿನಕ್ಸ್ ಕಟ್ಟಿ. ಪಾರ್ಟಿಷನ್ನಿನ ಗೊಡವೆಯಿಲ್ಲ, ರೀಬೂಟೂ ಬೇಡ.

ಇದಕ್ಕೆ ಬೇಕಾದ ಸೌಕರ್ಯ 1979ರ ಯೂನಿಕ್ಸ್ ಏಳನೇ ಆವೃತ್ತಿಯಿಂದಲೇ ಇದೆ. ಹೆಸರು ಸಿಎಚ್‌ರೂಟ್. ಓಡುವ ಪ್ರತಿ ಪ್ರೋಗ್ರಾಮಿಗೂ ರೂಟ್, ಅಂದರೆ ಎಲ್ಲ ಫೋಲ್ಡರುಗಳ ಮೂಲ, ಯಾವುದೆಂದು ಕರ್ನಲ್ ನೆನಪಿಟ್ಟುಕೊಂಡಿರುತ್ತದೆ. ಸಿಎಚ್‌ರೂಟ್ ಬದಲಿಸುವುದು ಅದೊಂದನ್ನೇ.

ಡೆಬಿಯನ್ ಬಳಗದ ಡೆಬೂಟ್‌ಸ್ಟ್ರಾಪ್ ಒಂದೇ ಆಜ್ಞೆಗೆ ಪೂರಾ ವ್ಯವಸ್ಥೆ ಕಟ್ಟಿಕೊಡುತ್ತದೆ. ಆದರೂ ಮೊದಲ ಸಲ ಅದನ್ನು ಮುಟ್ಟಬೇಡಿ, ಕೈಯಿಂದಲೇ ಮಾಡಿ. ಫೋಲ್ಡರಿನಲ್ಲಿ ‘ಬಿನ್’ ಮಾಡಿ, ಬ್ಯಾಷ್ ಶೆಲ್ ಒಂದನ್ನೇ ನಕಲಿಸಿ ಸಿಎಚ್‌ರೂಟ್‌ನಿಂದ ಒಳಹೊಕ್ಕು ನೋಡಿ. ಅಂಥ ಫೈಲೇ ಇಲ್ಲ ಎನ್ನುತ್ತದೆ. ಫೈಲು ಕಣ್ಣೆದುರಿಗೇ ಇದೆ! ಇಲ್ಲದಿರುವುದು ಬ್ಯಾಷ್ ಅಲ್ಲ, ಅದಕ್ಕೆ ಲೈಬ್ರರಿಗಳನ್ನು ಜೋಡಿಸಿಕೊಡುವ ಲೋಡರ್. ಏನೇನು ಬೇಕೆಂದು ಎಲ್‌ಡಿಡಿ ಎಂಬ ಆಜ್ಞೆಯನ್ನು ಕೇಳಿ, ಪಟ್ಟಿ ಕೊಡುತ್ತದೆ: ಸಿ ಲೈಬ್ರರಿ, ಟರ್ಮಿನಲ್ಲಿಗೆ ಬೇಕಾದದ್ದೊಂದು, ಲೋಡರ್. ಅವನ್ನು ತಮ್ಮತಮ್ಮ ಜಾಗದಲ್ಲೇ ಇಟ್ಟರೆ ಪ್ರಾಂಪ್ಟ್ ಬಂದು ನಿಲ್ಲುತ್ತದೆ. ಆಗಿನ ಸಂತೋಷವೇ ಬೇರೆ. ಸಿಡಿ, ಎಕೊ ನಡೆಯುತ್ತವೆ, ಏಕೆಂದರೆ ಅವು ಬ್ಯಾಷ್‌ನ ಒಳಗಿನವು. ಎಲ್‌ಎಸ್ ನಡೆಯದು, ಅದು ಬೇರೆ ಪ್ರೋಗ್ರಾಮು. ಎಕೊ ಮುಂದೆ ನಕ್ಷತ್ರ ಚಿಹ್ನೆ ಹಾಕಿ, ಫೈಲುಗಳ ಹೆಸರುಗಳು ಬರುತ್ತವೆ. ಯಾವ ಕ್ಲಾಸಿನಲ್ಲೂ ಇದನ್ನು ಇಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ.

ಇಷ್ಟಾದ ಮೇಲೆ ಡೆಬೂಟ್‌ಸ್ಟ್ರಾಪ್‌ಗೆ ಬನ್ನಿ. ಡೆಬಿಯನ್ ಪ್ಯಾಕೇಜೆಂದರೆ ಟಾರ್ ಕಟ್ಟುಗಳನ್ನು ತುಂಬಿದ ಒಂದು ಹಳೇ ಕಾಲದ ಆರ್ಕೈವು. ಹಾಗಾಗಿ ಡೆಬಿಯನ್ ಅಲ್ಲದ ಲಿನಕ್ಸಿನಲ್ಲೂ ಬಿಚ್ಚಬಹುದು. ಎಲ್ಲವನ್ನೂ ಬಿಚ್ಚಿಟ್ಟು, ಆಮೇಲೆ ಒಳಹೊಕ್ಕು ಒಂದೊಂದನ್ನೇ ಹೊಂದಿಸುವುದು ಡೆಬೂಟ್‌ಸ್ಟ್ರಾಪ್‌ನ ಕ್ರಮ. ‘ಮಿನ್‌ಬೇಸ್’ ಎಂದು ಕೇಳಿದರೆ ತೀರಾ ಅಗತ್ಯವಾದದ್ದಷ್ಟೇ ಬರುತ್ತದೆ.

ಕರ್ನಲ್ ಎಲ್ಲಿಂದ ಬಂತು ಅಂತೀರಾ? ಬರಲೇ ಇಲ್ಲ. ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರಿಗೆ ಹಿತ್ತಲ ಬಾವಿ ಒಂದೇ ಇರುವಂತೆ, ಒಳಗಿನವರಿಗೂ ಹೊರಗಿನವರಿಗೂ ಕರ್ನಲ್ ಒಂದೇ. 2013ರಲ್ಲಿ ಬಂದ, ಕಂಟೇನರುಗಳನ್ನು ಓಡಿಸುವ ಡಾಕರ್‌ನ ಇಮೇಜು ಬಿಚ್ಚಿದರೂ ಮುಖ್ಯವಾಗಿ ಸಿಗುವುದು ಇಂಥದೇ ಫೈಲುಗಳ ರಾಶಿ. ಸಿಎಚ್‌ರೂಟನ್ನು ಮಾತ್ರ ಭದ್ರತೆಯ ಗೋಡೆಯೆಂದು ನಂಬಬೇಡಿ. ರೂಟ್ ಅಧಿಕಾರವಿದ್ದವರು ಅಲ್ಲಿಂದ ಹೊರಬರಬಲ್ಲರು.

ಕನ್ನಡದವರಿಗೆಂದೇ ಒಂದು ಮಾತು. ಈ ಪುಟ್ಟ ವ್ಯವಸ್ಥೆಯಲ್ಲಿ ನಿಮ್ಮ ಲೊಕೇಲ್, ಅಂದರೆ ಭಾಷೆಯ ಹೊಂದಿಕೆ, ಇರುವುದಿಲ್ಲ. ‘ಹಾಡು’ ಎಂಬ ಫೈಲಿಟ್ಟರೆ ಎಲ್‌ಎಸ್ ಅದನ್ನು 340, 262, 271 ಎಂದು ಅಂಕಿಗಳ ಸಾಲಾಗಿ ತೋರಿಸೀತು. ಹೆಸರೇನೂ ಕೆಟ್ಟಿಲ್ಲ. ‘ಹ’ ಅಕ್ಷರದ ಮೂರು ಬೈಟುಗಳೇ ಅವು. ಲೊಕೇಲನ್ನು ಸಿ ಯುಟಿಎಫ್-8ಕ್ಕೆ ಬದಲಿಸಿದರೆ ಅಕ್ಷರಗಳು ಸರಿಯಾಗುತ್ತವೆ.

ಕೆಲಸ ಮುಗಿಯಿತೆಂದು ಫೋಲ್ಡರ್ ಅಳಿಸುವ ಮುಂಚೆ ಒಂದು ಎಚ್ಚರ ಇರಲಿ: ಹೊರಗಿನ ಯಾವ ಫೋಲ್ಡರನ್ನಾದರೂ ಒಳಗೆ ಮೌಂಟ್ ಮಾಡಿದ್ದರೆ ಮೊದಲು ಬಿಡಿಸಿ. ಇಲ್ಲವಾದರೆ ಅದರ ಜೊತೆಗೆ ನಿಮ್ಮ ಅಸಲು ಫೈಲುಗಳೂ ಅಳಿಸಿಹೋಗುತ್ತವೆ.