ಹಿತ್ತಲ ಜೇನು, ದರಗಿನ ಉಣುಗು

ಮಾಘ ಮಾಸದಲ್ಲಿ ಬಳ್ಳಿಗಾವಿಯ ದರ್ಶನ ಮುಗಿಸಿ ಸೊರಬ ಸೀಮೆಯ ಶರಣರೊಬ್ಬರ ಮನೆಯಲ್ಲಿ ನಾವು ಪೂಜೆ-ಪ್ರಸಾದಕ್ಕೆ ತಂಗಿದ್ದೆವು. ಹಿತ್ತಲಲ್ಲಿ ನಾಲ್ಕು ತುಡುವೆ ಜೇನಿನ ಪೆಟ್ಟಿಗೆಗಳು. ಇರುವೆ ಏರದಂತೆ ಪೀಠದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದ್ದರು. ಮೇಣದ ಹುಳು ಸೇರದಂತೆ ಯಜಮಾನರು ಅಡಿಮಣೆಯ ಕಸ ತೆಗೆದು, ನೊಣಗಳು ತೊರೆದ ಹಳೆಯ ಎರಿಗಳನ್ನು ಕಳಚುತ್ತಿದ್ದರು.

ಪೆಟ್ಟಿಗೆಗಳ ಪಕ್ಕದಲ್ಲೇ, ಕೊಟ್ಟಿಗೆಗೆ ಹಾಸಲು ಕಾಡಿನಿಂದ ತಂದ ದರಗಿನ ರಾಶಿ. ಉಣುಗು ಅಡಗುವುದು ಅಲ್ಲಿಯೇ. ೧೯೫೭ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ. ಹಿಂದಿನ ಬೇಸಿಗೆಯಲ್ಲಿ ಮನೆಯ ಸೊಸೆ ಆ ಜ್ವರದಿಂದ ನರಳಿ ಬದುಕಿದ್ದಳು. ಮಗ ಕೀಟನಾಶಕದ ಪುಡಿ ತಂದಿದ್ದ.

"ಅಯ್ಯನವರೇ, ಪುಡಿ ಎರಚಿದರೆ ಜೇನು ಉಳಿದೀತೇ?" ಎಂದರು ಯಜಮಾನರು.

ಉಳಿಯದು ಎಂದೆವು. ದರಗನ್ನೇ ದೂರ ಸಾಗಿಸಿ ನೆಲ ಗುಡಿಸಿಡಿರಿ ಎಂದು ಸೂಚಿಸಿದೆವು. ಬಾಗಿಲ ಮರೆಯಿಂದ ಸೊಸೆ ಮೆಲ್ಲನೆ ಕೇಳಿದಳು: "ಗುಡಿಸುವವಳು ನಾನೇ ಅಲ್ಲವೇ?"

ನಮ್ಮ ಉಪದೇಶದ ಕೊರತೆ ನಮಗೆ ಆಗ ತಿಳಿಯಿತು. ಮಗ ಮರುಮಾತಾಡದೆ ಮೈತುಂಬ ಬಟ್ಟೆ ತೊಟ್ಟು, ಸಂಜೆಯೊಳಗೆ ರಾಶಿಯನ್ನು ತಾನೇ ಹೊರಸಾಗಿಸಿ, ಬಿಸಿನೀರಿನಲ್ಲಿ ಮಿಂದು, ತೊಟ್ಟ ಬಟ್ಟೆಯನ್ನೂ ಕುದಿನೀರಿಗೆ ಹಾಕಿದ. ಪುಡಿಯ ಪೊಟ್ಟಣ ಬಿಚ್ಚದೆಯೇ ಉಳಿಯಿತು.